ಇಟಲಿ ಅಜ್ಜ ಎದ್ದು ನಿಂತಿದ್ದು

ಹೋದ ತಿಂಗಳು ವರ್ಗಾವಣೆಯ ಕಾಗದ ಹುಡುಕುತ್ತಾ ಟ್ರಂಕಿನ ತಳಕ್ಕೆ ಕೈ ಹಾಕಿದೆ. ಮೆತ್ತಗೆ, ಕೂದಲು ಕೂದಲಾಗಿ ಏನೋ ತಗುಲಿತು. ಸತ್ತ ಇಲಿ ಅಂದುಕೊಂಡು ಕಿಟಾರನೆ ಕಿರುಚಿ, ಪಕ್ಕದ ಮನೆಯವರು ಪೊರಕೆ ಹಿಡಿದು ಓಡಿ ಬರುವಂತೆ ಮಾಡಿದೆ. ಹೊರಗೆ ತೆಗೆದು ನೋಡಿದರೆ ಗಡ್ಡ. ಬಿಳಿ ಗಡ್ಡ. ಆಡಿನ ಕೂದಲನ್ನು ಬಲೆಬಟ್ಟೆಗೆ ಹೊಲಿದು ಮಾಡಿದ್ದು. "ಇದ್ಯಾರದ್ದು ಮೇಡಂ?" ಅಂತ ಪೊರಕೆಯವರು ಕೇಳಿದರು. "ನಂದೇ" ಅಂದೆ. ಅವತ್ತಿನಿಂದ ಅವರು ನನ್ನನ್ನು ಸ್ವಲ್ಪ ಬೇರೆ ಥರ ನೋಡುತ್ತಾರೆ.

ನಾನೀಗ ಇರುವುದು ಜಗಳೂರಿನಲ್ಲಿ. ಕಣ್ಣು ಪರೀಕ್ಷೆ ಮಾಡುವ ಕೆಲಸ. ಬೆಳಗಿನಿಂದ ಸಂಜೆವರೆಗೆ "ಅಜ್ಜಾ, ಕೆಳಗಿನ ಸಾಲು ಕಾಣ್ತೈತಾ?" ಅನ್ನುವುದೇ ನನ್ನ ಮಂತ್ರ. ಅಕ್ಷರ ಬಾರದವರಿಗೆ ಬೇರೆ ಹಲಗೆ ಇದೆ, ಗುರುತು ಯಾವ ಕಡೆ ತಿರುಗಿದೆ ಅಂತ ಕೈ ತೋರಿಸಿದರೆ ಸಾಕು. ಆ ಹಲಗೆ ಇಳಿಸುವಾಗಲೆಲ್ಲ ಅಪ್ಪನ ನೆನಪಾಗುತ್ತದೆ. ಅಪ್ಪನಿಗೂ ಓದು ಬರುತ್ತಿರಲಿಲ್ಲ. ಆದರೆ ಇಟಲಿ ಅಜ್ಜನ ಜೀವನಚರಿತ್ರೆ ಇಡಿಯಾಗಿ ಬಾಯಿಪಾಠ ಬರುತ್ತಿತ್ತು.

ಇಟಲಿ ಅಜ್ಜ ಅಂದರೆ, ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿ ಗುರು ಗ್ರಹದ ಸುತ್ತ ನಾಲ್ಕು ಚಂದ್ರರನ್ನು ಕಂಡವನು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂದು ಶಿಕ್ಷೆ ಅನುಭವಿಸಿದವನು. ಹೆಸರು ನಿಮಗೆಲ್ಲ ಗೊತ್ತು, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೀರಿ. ನಮ್ಮ ಮನೆಯಲ್ಲಿ ಮಾತ್ರ ಆ ಹೆಸರು ಯಾರ ನಾಲಿಗೆಗೂ ಒಗ್ಗಲಿಲ್ಲ. ಅಪ್ಪ ಎರಡು ಸಲ ತಿಣುಕಿ, "ಇಟಲಿ ಅಜ್ಜ ಅಂದ್ರೆ ಸಾಕು ಬಿಡವ್ವ" ಅಂದುಬಿಟ್ಟ. ಹಾಗೇ ಉಳಿಯಿತು.

ನಮ್ಮೂರು ಸವಳಂಗ. ಅಪ್ಪ ಹನುಮಂತಪ್ಪ ನ್ಯಾಮತಿಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಹಮಾಲಿ. ಹಗಲೆಲ್ಲ ಮೂಟೆ ಹೊರುವುದು, ಸುಗ್ಗಿ ಮುಗಿದ ಮೇಲೆ ಊರ ನಾಟಕಗಳಲ್ಲಿ ರಾಜನಾಗುವುದು. ಹಾರ್ಮೋನಿಯಂ ಮೇಷ್ಟ್ರು ಒಮ್ಮೆ ಓದಿ ಹೇಳಿದರೆ ಮಾತು ಅವನ ತಲೆಯಲ್ಲಿ ಅಚ್ಚಾಗುತ್ತಿತ್ತು. ಎತ್ತರದ ಆಳು. ರಂಗದ ಮೇಲೆ ಬಂದರೆ ಹಲಗೆಗಳು ಕಿರುಗುಟ್ಟುತ್ತಿದ್ದವು. ಮನೆಯಲ್ಲಿ ಮಾತ್ರ ಅವ್ವ "ಮಹಾರಾಜ್ರು ಒಂದ್ ಕೊಡ ನೀರು ತರ್ತೀರಾ" ಅಂದರೆ ಮರುಮಾತಿಲ್ಲದೆ ಕೊಡ ಎತ್ತುತ್ತಿದ್ದ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಗೆ ತಿಪ್ಪೇಸ್ವಾಮಿ ಮೇಷ್ಟ್ರು ಬಂದರು. ವಿಜ್ಞಾನದ ಮೇಷ್ಟ್ರು, ಜಗಳೂರಿನವರು. ನಮ್ಮೂರಿನಲ್ಲಿ ಅವರಿಗೆ ಎಲ್ಲವೂ ಹಿಡಿಸಿತು, ಆಕಾಶವೊಂದನ್ನು ಬಿಟ್ಟು. "ಏನ್ರವ್ವಾ ನಿಮ್ಮೂರು, ಯಾವಾಗ್ ನೋಡಿದ್ರೂ ಮೋಡ! ನಮ್ ಕಡೆ ಬರ್ರಿ, ಅಂಗಳದಾಗೆ ಚಾಪೆ ಹಾಕ್ಕೊಂಡ್ರೆ ನಕ್ಷತ್ರ ಎದಿ ಮ್ಯಾಲೆ ಬೀಳ್ತಾವೆ" ಅನ್ನುತ್ತಿದ್ದರು. ಆಗ ಬಡಾಯಿ ಅಂದುಕೊಂಡಿದ್ದೆ. ಈಗ ಇಲ್ಲಿ ದಿನಾ ಸಂಜೆ ಬಟ್ಟೆ ಒಳಗೆ ತರುವಾಗ ತಲೆ ಎತ್ತಿದರೆ ಅವರು ಹೇಳಿದ್ದು ಕಡಿಮೆಯೇ ಅನ್ನಿಸುತ್ತದೆ.

ಆ ಮೇಷ್ಟ್ರು ಒಂದು ದೂರದರ್ಶಕ ಮಾಡಿದರು. ಬೋರ್‌ವೆಲ್ಲಿನ ಪೈಪು, ಹೊನ್ನಾಳಿಯ ಕನ್ನಡಕದ ಅಂಗಡಿಯಿಂದ ತಂದ ಮಸೂರ, ಇನ್ನೊಂದು ತುದಿಗೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಒಂದು ಸಂಜೆ ಶಾಲೆಯ ಬಯಲಿನಲ್ಲಿ ಅದನ್ನು ನಿಲ್ಲಿಸಿ ಊರವರನ್ನು ಕರೆದರು. ಅಪ್ಪ ನ್ಯಾಮತಿ ಬಸ್ಸಿಳಿದು ಸೀದಾ ಅಲ್ಲಿಗೇ ಬಂದ. ಹೆಗಲ ಮೇಲೆ ಜೋಳದ ಧೂಳು ಹಾಗೇ ಇತ್ತು. ಒಂದು ಕಣ್ಣು ಮುಚ್ಚಿ, ದೊಡ್ಡ ಮೈಯನ್ನು ಮಡಚಿ ಬಗ್ಗಿ ನೋಡಿದ.

"ಗುಂಡು ಕಾಣ್ತೈತೆ ಮೇಷ್ಟ್ರೇ. ಪಕ್ಕದಾಗೆ ಚುಕ್ಕಿ ಅದಾವೆ. ಒಂದು, ಎರಡು... ನಾಕು."

"ಅವೇ ಕಣ್ರಿ ಹನುಮಂತಪ್ಪನೋರೆ, ಗುರು ಗ್ರಹದ ಚಂದ್ರರು. ಇಟಲಿ ದೇಶದಾಗೆ ಒಬ್ಬಾತ ತಾನೇ ಗಾಜು ಉಜ್ಜಿ, ಕೊಳವೆ ಮಾಡ್ಕೊಂಡು, ನೂರಾರು ವರ್ಷದ ಹಿಂದೆ ಮೊದಲು ಕಂಡಿದ್ದು."

ಅಪ್ಪ ಕಣ್ಣು ತೆಗೆಯಲಿಲ್ಲ. "ಆತ ಹೋಗಿ ಅಷ್ಟು ಕಾಲ ಆತು. ಅವು ಇನ್ನೂ ಅಲ್ಲೇ ಅದಾವಲ್ಲಾ!" ಅಂದ.

ಹಿಂದೆ ಸಾಲು ಬೆಳೆಯಿತು. ಜನ ಗೊಣಗಿದರು. ಮರುದಿನ ಅಪ್ಪ ಮತ್ತೆ ಹೋದ. ಒಂದು ಚುಕ್ಕಿ ಇನ್ನೊಂದು ಪಕ್ಕಕ್ಕೆ ಹಾರಿತ್ತು. ಮನೆಗೆ ಬಂದವನೇ ತಟ್ಟೆಯ ಸುತ್ತ ನಾಲ್ಕು ಕಡಲೆಕಾಳು ಸುತ್ತಿಸಿ ಅವ್ವನಿಗೆ ತೋರಿಸಿದ. ಅವ್ವ ನೋಡಿ, "ರೊಟ್ಟಿ ಆರ್ತೈತೆ" ಅಂದಳು.

ಅಲ್ಲಿಂದ ಶುರುವಾಯಿತು ನೋಡಿ. ಮೇಷ್ಟ್ರು ತಮ್ಮ ನೋಟ್‌ಬುಕ್ಕಿನಲ್ಲಿ ಆ ಅಜ್ಜನ ಬದುಕನ್ನು ಬರೆದಿಟ್ಟಿದ್ದರು. ಅದನ್ನು ತಂದು ನಾನು ಅಪ್ಪನಿಗೆ ಓದಿ ಹೇಳಬೇಕಿತ್ತು. ಅಜ್ಜನ ಅಪ್ಪ ತಂತಿವಾದ್ಯ ನುಡಿಸುವವನು, ಮಗನನ್ನು ಡಾಕ್ಟರು ಮಾಡಲು ಹೊರಟಿದ್ದ, ಮಗ ಓದು ಬಿಟ್ಟು ಲೆಕ್ಕದ ಹಿಂದೆ ಬಿದ್ದ ಅಂದರೆ ಅಪ್ಪ, "ಕಲಾವಿದ್ರ ಮಕ್ಳು ಹಂಗೇ" ಅನ್ನುತ್ತಿದ್ದ, ನನ್ನ ಲೆಕ್ಕದ ಅಂಕ ಮರೆತು. ಇಗರ್ಜಿಯಲ್ಲಿ ತೂಗಾಡುವ ದೀಪ ನೋಡಿ ಅವನು ತನ್ನ ನಾಡಿ ಹಿಡಿದು ಎಣಿಸಿದನಂತೆ ಅಂದಾಗ, ಅಪ್ಪ ತನ್ನ ಮಣಿಕಟ್ಟು ಹಿಡಿದು ನಮ್ಮ ತೊಟ್ಟಿಲನ್ನು ತೂಗಿ ನೋಡಿದ. ತೊಟ್ಟಿಲಲ್ಲಿ ತಮ್ಮ ಮಲಗಿದ್ದ, ಎದ್ದು ಊರು ಒಂದು ಮಾಡಿದ. ಅಜ್ಜ ಪಂಡಿತರ ಭಾಷೆ ಬಿಟ್ಟು ಪೇಟೆಯ ಜನ ಆಡುವ ಮಾತಿನಲ್ಲೇ ಪುಸ್ತಕ ಬರೆದ ಅನ್ನುವುದು ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿತು. "ಆತ ನಮ್ಮೋನು ಕಣವ್ವ" ಅಂದ. ಚಂದ್ರನ ಮೇಲೆ ಗುಡ್ಡ ಕಂಡವನು, ಸೂರ್ಯನಲ್ಲಿ ಮಚ್ಚೆ ಕಂಡವನು, ಶುಕ್ರ ನಮ್ಮ ಚಂದ್ರನ ಹಾಗೆ ಸೊರಗಿ ತುಂಬುವುದನ್ನು ಕಂಡವನು, ಹೀಗೆ ಸವಳಂಗದ ಹಮಾಲಿಯೊಬ್ಬನ ಬೀಗನಾಗಿಬಿಟ್ಟ.

ಆ ವರ್ಷ ಶಾಲೆಗಳಿಗೆ ವಿಜ್ಞಾನ ನಾಟಕದ ಸ್ಪರ್ಧೆ ಬಂತು. ಮೊದಲ ಸುತ್ತು ಹೊನ್ನಾಳಿಯಲ್ಲಿ. ಆಗ ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ. ಗೆದ್ದವರಿಗೆ ಚನ್ನಗಿರಿಯಲ್ಲಿ ಮುಂದಿನ ಸುತ್ತು. ನಾಟಕ ಇಟಲಿ ಅಜ್ಜನದು. ಅಜ್ಜನ ಪಾತ್ರ ನನಗೆ ಬಂತು. ಪ್ರತಿಭೆ ಅಂದುಕೊಳ್ಳಬೇಡಿ. ಕ್ಲಾಸಿನಲ್ಲಿ ನಾನೇ ಉದ್ದ, ಮತ್ತೆ ಗಡ್ಡ ನಮ್ಮಪ್ಪನ ಹತ್ತಿರ ಇತ್ತು.

ಮಾತು ಹೇಳಿಕೊಡಲು ಅಪ್ಪ ದಿನಾ ಸಂಜೆ ಶಾಲೆಗೆ ಬರತೊಡಗಿದ. ಅವನು ಕಲಿಸುವುದು ಕಂಪನಿ ನಾಟಕದ ಧಾಟಿ. ಚಂದ್ರನಲ್ಲಿ ಗುಡ್ಡವಿದೆ ಅನ್ನುವ ಒಂದು ಸಾಲಿಗೆ ನಾನು ಮೂರು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ, ಒಮ್ಮೆ ಎದೆ ತಟ್ಟಿಕೊಳ್ಳಬೇಕು. ಮೇಷ್ಟ್ರು ನಗು ತಡೆದುಕೊಂಡು ಕೂರುತ್ತಿದ್ದರು. ಎಲ್ಲ ಚೆನ್ನಾಗಿಯೇ ನಡೆದಿತ್ತು, ಕೊನೆಯ ದೃಶ್ಯ ಬರುವವರೆಗೆ.

ಕೊನೆಯ ದೃಶ್ಯದಲ್ಲಿ ಮುದುಕನಾದ ಅಜ್ಜನನ್ನು ಧರ್ಮಗುರುಗಳ ನ್ಯಾಯಪೀಠ ಕರೆಸುತ್ತದೆ. ಅವನು ಮಂಡಿಯೂರಿ, ಭೂಮಿ ತಿರುಗುತ್ತದೆ ಅಂದಿದ್ದು ತಪ್ಪಾಯಿತು ಅಂತ ಓದಿ ಹೇಳಬೇಕು.

"ಇದು ಆಗಂಗಿಲ್ಲ ಮೇಷ್ಟ್ರೇ" ಅಂದ ಅಪ್ಪ. "ನಾಯಕ ಮಂಡಿ ಊರಂಗಿಲ್ಲ. ಇಪ್ಪತ್ತು ವರ್ಷದಿಂದ ಪಾರ್ಟು ಮಾಡೀನಿ. ನಾಯಕ ಸಾಯ್ತಾನೆ, ಊರಂಗಿಲ್ಲ."

"ನಡದಿದ್ದೇ ಹಂಗೆ ಹನುಮಂತಪ್ಪನೋರೆ. ನಂಗೆ ಬದಲಾಯಿಸಾಕೆ ಬರಲ್ಲ."

"ಕಣ್ಣಾರೆ ಕಂಡಿದ್ದ. ನಾನೂ ಕಂಡೀನಿ, ಅದೇ ನಾಕು ಚುಕ್ಕಿ. ಕಂಡಿದ್ದನ್ನ ಇಲ್ಲ ಅಂದ್ನಾ?"

"ಅಂದ."

"ಯಾಕೆ?"

"ಎಪ್ಪತ್ತರ ಹತ್ರ ವಯಸ್ಸು. ಮೈಯಾಗೆ ಕಾಯಿಲೆ. ಹೆದರಿದ."

ಅಪ್ಪನ ಮುಖ ಕೆಂಪಾಯಿತು. "ಹಂಗಾದ್ರೆ ಇಂಥೋನ ನಾಟಕ ಯಾಕೆ ಆಡ್ಬೇಕು?" ಅಂದವನೇ ಟವೆಲ್ಲು ಕೊಡವಿ ಹೆಗಲಿಗೆ ಹಾಕಿ ಹೊರಟುಹೋದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಗಡ್ಡ ಹಾಕಿಕೊಂಡೇ ಅಳುತ್ತಾ ನಿಂತಿದ್ದೆ. ಅಂಟು ಕರಗಿ ಗಡ್ಡ ಬಾಯಿಗೆ ಬಂತು.

ಮೂರು ದಿನ ಅವನು ಶಾಲೆಯ ಕಡೆ ಬರಲಿಲ್ಲ.  ಒಂದು ನಾಟಕಕ್ಕೆ ಇಷ್ಟು ಸಿಟ್ಟೇಕೆ ಅಂತ ನನಗೆ ಅರ್ಥವಾಗಲಿಲ್ಲ. ಮೂರನೇ ದಿನ ರೊಟ್ಟಿ ತಟ್ಟುತ್ತಿದ್ದ ಅವ್ವ ತಾನೇ ಬಾಯಿಬಿಟ್ಟಳು.

"ನಿಮ್ಮಪ್ಪನ ಸಿಟ್ಟು ಆ ಅಜ್ಜನ ಮ್ಯಾಲಲ್ಲ ಸುಜಾತ. ತನ್ನ ಮ್ಯಾಲೆ. ಬಸಣ್ಣನ ಕಾಲು ಹೋದದ್ದು ನಿಂಗೆ ಗೊತ್ತೈತಲ್ಲ?"

ಗೊತ್ತಿತ್ತು. ಬಸಣ್ಣ ಅಪ್ಪನ ಜೊತೆ ಮೂಟೆ ಹೊರುತ್ತಿದ್ದವನು, ನಾಟಕದಲ್ಲಿ ಅಪ್ಪನಿಗೆ ಮಂತ್ರಿ. ನಮ್ಮ ಹಿಂದಿನ ಓಣಿಯಲ್ಲಿ ಮನೆ. ಎರಡು ವರ್ಷದ ಹಿಂದೆ ಮಂಡಿಯ ಅಂಗಳದಲ್ಲಿ ಲಾರಿಗೆ ಸಿಕ್ಕು ಬಲಗಾಲು ಕಳೆದುಕೊಂಡಿದ್ದ. ಲಾರಿ ಹತ್ತುವಾಗ ತಾನೇ ಜಾರಿ ಬಿದ್ದ ಅಂತ ಊರೆಲ್ಲ ಹೇಳುತ್ತಿತ್ತು.

"ಜಾರಿ ಬಿದ್ದಿದ್ದಲ್ಲ. ಮಂಡಿ ಸಾವ್ಕಾರನ ತಮ್ಮನ ಮಗ ಓಡ್ಸಾಕೆ ಬರದಿದ್ರೂ ಲಾರಿ ಹಿಂದಕ್ಕೆ ತಗಂಡ. ನಿಮ್ಮಪ್ಪ ಅಲ್ಲೇ ನಿಂತಿದ್ದ. ಅವನೊಬ್ಬನೇ. ಪೊಲೀಸ್ರು ಬಂದು ಕೇಳಿದಾಗ ಸಾವ್ಕಾರ ಪಕ್ಕದಾಗೇ ನಿಂತು, 'ಹನುಮಂತ, ನೀನೇನೂ ನೋಡ್ಲಿಲ್ಲ ಹೌದಲ್ಲ?' ಅಂದ. ನೀನು, ಹೊಟ್ಟ್ಯಾಗಿದ್ದ ನಿನ್ ತಮ್ಮ, ನಾನು, ಎಲ್ಲಾ ಕಣ್ಣಮುಂದೆ ಬಂದ್ವಂತೆ. 'ಇಲ್ಲ ಸಾವ್ಕಾರ್ರೆ, ನೋಡ್ಲಿಲ್ಲ' ಅಂದ."

ಆಗ ಹೊಳೆಯಿತು, ಅಪ್ಪ ಎರಡು ವರ್ಷದಿಂದ ಬಸ್‌ಸ್ಟ್ಯಾಂಡಿಗೆ ಹಿಂದಿನ ಓಣಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಯಾಕೆ ಹೋಗುತ್ತಾನೆ ಅಂತ. ನಾನು ಗಾಳಿಗೆ ಅಂದುಕೊಂಡಿದ್ದೆ.

ನಾಲ್ಕನೇ ದಿನ ಸಂಜೆ ಅಪ್ಪ ನನ್ನ ಎದುರು ಬಂದು ಕೂತ. "ಮೇಷ್ಟ್ರ ಬುಕ್ಕು ತಗಿ. ಮಂಡಿ ಊರಿದ ಮ್ಯಾಲೆ ಆತ ಏನ್ ಮಾಡ್ದ, ಅದನ್ನ ಓದು."

ಓದಿದೆ. ಅಜ್ಜನನ್ನು ಅವನ ಮನೆಯಲ್ಲೇ ಸೆರೆ ಇಟ್ಟರು. ಹತ್ತಿರದ ಮಠದಲ್ಲಿ ಸನ್ಯಾಸಿನಿಯಾಗಿದ್ದ ದೊಡ್ಡ ಮಗಳು ಅವನ ಅಂಗಿಯ ಕಾಲರು ಹೊಲಿದು ಕಳಿಸುತ್ತಿದ್ದಳು, ಕಾಗದ ಬರೆಯುತ್ತಿದ್ದಳು. ಶಿಕ್ಷೆ ಅಂತ ಅವನು ಹೇಳಬೇಕಾಗಿದ್ದ ಪ್ರಾರ್ಥನೆಗಳನ್ನು ತಾನೇ ಹೇಳುತ್ತೇನೆ ಅಂತ ಹೊತ್ತುಕೊಂಡಳು. ಅವನು ಮನೆಗೆ ಮರಳಿದ ಕೆಲವೇ ತಿಂಗಳಲ್ಲಿ ತೀರಿಕೊಂಡಳು.

"ಮಗಳು ಮೊದ್ಲು ಹೋದ್ಲಾ?" ಅಂದ ಅಪ್ಪ. ಕೈ ಚಾಚಿ ನನ್ನ ತಲೆ ಮೇಲೆ ಇಟ್ಟ. ಆ ಕೈಯ ಭಾರ, ಒರಟು, ಗೋಣಿಚೀಲದ ವಾಸನೆ, ಇದನ್ನೆಲ್ಲ ಹೇಗೆ ಬರೆಯಲಿ? ಆ ಮಗಳ ಕಾಗದಗಳು ಇನ್ನೂ ಉಳಿದಿವೆಯಂತೆ. ಅವನು ಅವಳಿಗೆ ಬರೆದದ್ದು ಒಂದೂ ಉಳಿದಿಲ್ಲವಂತೆ. ನನ್ನ ಅಪ್ಪನಂತೂ ಬರೆಯಲೇ ಇಲ್ಲ. ಮುಂದೆ ನಾನು ಓದಲು ಹೋದ ಹಾಸ್ಟೆಲಿಗೆ ಅವ್ವನ ಪರವಾಗಿ ಯಾರೋ ಬರೆದ ಕಾಗದದ ಕೆಳಗೆ ಒಂದು ಹೆಬ್ಬೆಟ್ಟು ಒತ್ತಿ ಕಳಿಸುತ್ತಿದ್ದ, ಅಷ್ಟೇ.

"ಮುಂದೆ ಓದು."

ಮುಂದೆ ಅಜ್ಜ ಮತ್ತೆ ಕೆಲಸಕ್ಕೆ ಕೂತ. ಬೀಳುವ ವಸ್ತು ಹೇಗೆ ಬೀಳುತ್ತದೆ, ಎಸೆದದ್ದು ಯಾವ ದಾರಿ ಹಿಡಿಯುತ್ತದೆ, ತೊಲೆ ಎಷ್ಟು ಭಾರಕ್ಕೆ ಮುರಿಯುತ್ತದೆ ಅಂತೆಲ್ಲ ಬರೆದ. ಆ ಪುಸ್ತಕವನ್ನು ಗುಟ್ಟಾಗಿ ಬೇರೆ ದೇಶಕ್ಕೆ ಸಾಗಿಸಿ ಅಚ್ಚು ಹಾಕಿಸಿದರು. ಅಷ್ಟರಲ್ಲಿ ಕಣ್ಣು ಹೋಯಿತು. ಶಿಷ್ಯರು ಬಂದು ಕೂತರು, ಅವನು ಬಾಯಲ್ಲಿ ಹೇಳಿ ಬರೆಸಿದ.

"ಬಗ್ಗಿದ ಮ್ಯಾಲೂ ಕೆಲಸ ಬಿಡ್ಲಿಲ್ಲ?"

"ಇಲ್ಲಪ್ಪ."

ಅಪ್ಪ ಟವೆಲ್ಲು ಎತ್ತಿ ಹೆಗಲಿಗೆ ಹಾಕಿಕೊಂಡ. ಆಮೇಲೆ ನನ್ನನ್ನು ಕರೆದುಕೊಂಡು ಮೇಷ್ಟ್ರ ಬಾಡಿಗೆ ಮನೆಗೆ ಹೋದ. "ಮಂಡಿ ಊರ್ಲಿ ಮೇಷ್ಟ್ರೇ. ಆದ್ರೆ ಪರದೆ ಅಲ್ಲೇ ಎಳೀಬ್ಯಾಡ್ರಿ. ಎದ್ದೇಳೋದನ್ನೂ ತೋರಿಸ್ರಿ."

"ಎದ್ದೇಳುವಾಗ 'ಆದರೂ ತಿರುಗ್ತೈತೆ' ಅಂದ ಅಂತ ಜನ ಹೇಳ್ತಾರೆ. ಅದಕ್ಕೆ ಆಧಾರ ಇಲ್ಲ. ನಾನು ಹಾಕಲ್ಲ" ಅಂದರು ಮೇಷ್ಟ್ರು.

"ಮಾತು ಬ್ಯಾಡ ಬಿಡ್ರಿ. ಎದ್ರೆ ಸಾಕು."

ಅಲ್ಲೇ ಮೇಷ್ಟ್ರ ಪಡಸಾಲೆಯಲ್ಲಿ ನನಗೆ ಏಳುವುದನ್ನು ಕಲಿಸಿದ. ನಾಟಕದ ಧಾಟಿಯಲ್ಲಲ್ಲ. "ಮೂಟೆ ಹೊತ್ತೋನು ಸೊಂಟದಿಂದ ಏಳಂಗಿಲ್ಲ ಮಗಾ. ಮೊದ್ಲು ಒಂದು ಪಾದ ಗಟ್ಟಿ ಊರ್ಬೇಕು. ತೊಡೆ ಮ್ಯಾಲೆ ಅಂಗೈ. ಉಸಿರು ಹಿಡಿ. ಅವಸರ ಮಾಡ್ಬ್ಯಾಡ. ಕಾಲು ನಡುಗಿದ್ರೆ ನಡುಗ್ಲಿ, ಜನ ನೋಡ್ಲಿ. ಈಗ ಏಳು." ನನ್ನನ್ನು ಇಪ್ಪತ್ತು ಸಲ ಎಬ್ಬಿಸಿದ. ಮರುದಿನ ಶಾಲೆಯಲ್ಲಿ ಬೆಂಚಿನ ಮೇಲೆ ಕೂರಲಾಗಲಿಲ್ಲ.

ಹೊನ್ನಾಳಿಯಲ್ಲಿ ಗೆದ್ದೆವು. ಭಯದಲ್ಲಿ ನಾನು "ಚಂದ್ರನ ಮ್ಯಾಲೆ ಗುಡ್ಡ ಐತೆ!" ಅಂತ ಅರಚಿದ್ದಕ್ಕೆ ತೀರ್ಪುಗಾರರೊಬ್ಬರು, "ಇಟಲಿಯವರು ಐತೆ ಅಂತಾರೇನಮ್ಮ?" ಅಂದರು. ಮೇಷ್ಟ್ರು ಎದ್ದು ನಿಂತು, "ಆತ ಪೇಟೆ ಮಾತಲ್ಲೇ ಬರೆದೋನು ಸಾರ್" ಅಂದರು. ತೀರ್ಪುಗಾರರು ನಕ್ಕುಬಿಟ್ಟರು.

ಚನ್ನಗಿರಿಯಲ್ಲಿ ಸೆಖೆ. ನ್ಯಾಯಪೀಠದ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದೆ, ಗಡ್ಡದ ಒಂದು ಪಕ್ಕ ಕಿತ್ತು ಜೋತುಬಿತ್ತು. ಸಭೆಯಲ್ಲಿ ನಗೆಯೋ ನಗೆ. ಧರ್ಮಗುರುವಾಗಿದ್ದ ಹುಡುಗಿಯೂ ನಕ್ಕಳು. ನನಗೆ ಓಡಿಹೋಗಬೇಕು ಅನ್ನಿಸಿತು. ಹಾಗೂ ಹೀಗೂ ಕಾಗದ ಓದಿ ಮುಗಿಸಿದೆ. ಆಮೇಲೆ ಒಂದು ಪಾದ ಊರಿದೆ. ಒಂದು ಕೈ ತೊಡೆಯ ಮೇಲೆ, ಇನ್ನೊಂದು ಕೈಯಲ್ಲಿ ಗಡ್ಡ. ಉಸಿರು ಹಿಡಿದೆ. ಕಾಲು ನಡುಗಿತು, ಅದು ನಟನೆಯಲ್ಲ. ನಿಧಾನಕ್ಕೆ ಎದ್ದೆ. ನಾನು ಪೂರ್ತಿ ನಿಲ್ಲುವ ಹೊತ್ತಿಗೆ ನಗು ನಿಂತಿತ್ತು. ಎಲ್ಲರ ಹಿಂದೆ ಬಾಗಿಲ ಹತ್ತಿರ ಅಪ್ಪ ನಿಂತಿದ್ದ. ಚಪ್ಪಾಳೆ ಬಿತ್ತು. ಅವನೊಬ್ಬ ಹೊಡೆಯಲಿಲ್ಲ, ಎರಡೂ ಕೈ ಕಟ್ಟಿಕೊಂಡು ನೋಡುತ್ತಲೇ ಇದ್ದ. ನಮಗೆ ಬಂದದ್ದು ಮೂರನೇ ಬಹುಮಾನ. ಭಾಗವಹಿಸಿದ್ದು ಮೂರೇ ತಂಡ ಅನ್ನುವುದನ್ನು ನಾನು ಊರಲ್ಲಿ ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ಅಪ್ಪ, "ಸುಜಾತ, ಹೊನ್ನಾಳಿ ಕೋರ್ಟಿಗೆ ಹೋಗ್ಬೇಕು. ಕಾಗದ ಓದಾಕೆ ಒಬ್ರು ಬೇಕು, ಬಾ" ಅಂದ. ಬಸಣ್ಣನ ಕೇಸು ಇನ್ನೂ ನಡೆಯುತ್ತಿತ್ತು. ನಾಟಕ ನೋಡಿ ಹೋದ ಅಂತ ನಾನು ಹೇಳಲಾರೆ. ಅವ್ವ ಎರಡು ವರ್ಷದಿಂದ ರೊಟ್ಟಿ ಬಡಿಸುವಾಗೆಲ್ಲ ಕಂಡದ್ದನ್ನು ಹೇಳಿಬಿಡು ಅನ್ನುತ್ತಿದ್ದಳಂತೆ, ಅದೇ ಇರಬಹುದು. ಬಸಣ್ಣನ ವಕೀಲರು ಓಡಾಡಿ, ಅಪ್ಪನ ಹೇಳಿಕೆ ತೆಗೆದುಕೊಳ್ಳುವ ದಿನ ಗೊತ್ತಾಗಲು ಇನ್ನೊಂದಿಷ್ಟು ವಾರ ಹಿಡಿಯಿತು. ಆ ದಿನ ನಾನು ಹೊರಗೆ ಕಿಟಕಿಯ ಹತ್ತಿರ ನಿಂತಿದ್ದೆ. ರಂಗದ ಮೇಲೆ ಹಲಗೆ ನಡುಗಿಸುವ ಅಪ್ಪ ಒಳಗೆ ಚಿಕ್ಕವನಾಗಿ ಕಾಣುತ್ತಿದ್ದ. ನೋಡಿದ್ದನ್ನು ನೋಡಿದ ಹಾಗೇ ಹೇಳಿದ. ಸಾಹುಕಾರನ ವಕೀಲರು ಎದ್ದು, "ಇಷ್ಟು ದಿನ ಯಾಕೆ ಸುಮ್ಮನಿದ್ದೆ? ಆವತ್ತು ಯಾಕೆ ನೋಡಿಲ್ಲ ಅಂದೆ?" ಅಂತ ಜೋರು ಮಾಡಿದರು.

"ಹೆದರಿದ್ದೆ ಸ್ವಾಮಿ" ಅಂದ ಅಪ್ಪ.

ಅಷ್ಟೇ. 

ಮಂಡಿಯ ಕೆಲಸ ಮರುದಿನವೇ ಹೋಯಿತು. ಅಪ್ಪ ಮುಂದೆ ಮೈಯಲ್ಲಿ ಶಕ್ತಿ ಇರುವಷ್ಟು ವರ್ಷ ದಿನಾ ಬಸ್ಸು ಹಿಡಿದು ಚನ್ನಗಿರಿಗೆ ಮೂಟೆ ಹೊರಲು ಹೋದ. ಬಸಣ್ಣನಿಗೆ ಪರಿಹಾರ ಸಿಕ್ಕಿತು. ಮನೆ ಮುಂದೆ ಒಂದು ಪೆಟ್ಟಿಗೆ ಅಂಗಡಿ ಇಟ್ಟ. ಕಾಲೇನೂ ವಾಪಸ್ಸು ಬರಲಿಲ್ಲ. ಈಗ ಅಪ್ಪನೂ ಇಲ್ಲ, ಬಸಣ್ಣನೂ ಇಲ್ಲ, ಮೇಷ್ಟ್ರೂ ಎಲ್ಲಿದ್ದಾರೋ ತಿಳಿಯದು. ಜಗಳೂರಿಗೆ ವರ್ಗ ಕೇಳಿ ಬಂದಿದ್ದೇ ಅವರು ಸಿಕ್ಕಾರೆಂಬ ಆಸೆಯಿಂದ. ಇಲ್ಲಿ ಕೇಳಿದರೆ ಊರ ತುಂಬ ತಿಪ್ಪೇಸ್ವಾಮಿಗಳೇ.

ಹೇಳಿಕೆ ಕೊಟ್ಟ ಆ ದಿನ ಸಂಜೆ ಹೊನ್ನಾಳಿಯಿಂದ ಬಂದು ಸವಳಂಗದಲ್ಲಿ ಬಸ್ಸಿಳಿದೆವು. ನಾನು ಅಭ್ಯಾಸದಂತೆ ಕೆರೆ ಏರಿಯ ಕಡೆ ತಿರುಗಿದೆ. ಅಪ್ಪ ತಿರುಗಲಿಲ್ಲ. ಹಿಂದಿನ ಓಣಿ ಹಿಡಿದ. ಬಸಣ್ಣ ಜಗುಲಿಯ ಮೇಲೆ ಕೂತಿದ್ದ. ಊರುಗೋಲು ಗೋಡೆಗೆ ಒರಗಿತ್ತು. ಕೋರ್ಟಿನಲ್ಲಿ ನಡೆದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು ಅಂತ ಕಾಣುತ್ತದೆ. ಅಪ್ಪ ನಿಲ್ಲಲೂ ಆಗದೆ, ಮುಂದೆ ಹೋಗಲೂ ಆಗದೆ ಹೆಜ್ಜೆ ನಿಧಾನ ಮಾಡಿದ.

"ಏ ಹನುಮಂತಣ್ಣ" ಅಂದ ಬಸಣ್ಣ. "ಎಲ್ಲಿಗೆ ಹೊಂಟಿ? ಚಾ ಕುಡ್ದು ಹೋಗು."

ಅಪ್ಪ ಚಪ್ಪಲಿ ಬಿಟ್ಟ. ಬಸಣ್ಣ ಏಳಲು ನೋಡಿದ. ಅಪ್ಪ ಅವನ ತೋಳಿನ ಕೆಳಗೆ ಹೆಗಲು ಕೊಟ್ಟು ಎಬ್ಬಿಸಿದ. ಇಬ್ಬರೂ ಒಳಗೆ ಹೋದರು. ನನ್ನನ್ನು ಕರೆಯುವುದು ಮರೆತೇ ಹೋಯಿತು ಅವರಿಗೆ.

ನಾನು ಅಪ್ಪನ ಚಪ್ಪಲಿಯ ಹತ್ತಿರ ನಿಂತೇ ಇದ್ದೆ. ಒಳಗೆ ಲೋಟಗಳ ಸದ್ದು ಕೇಳಿಸಿತು. ಆಮೇಲೆ ಬಸಣ್ಣ ಸಣ್ಣದಾಗಿ ಏನೋ ಅಂದ. ಇಬ್ಬರೂ ಒಟ್ಟಿಗೆ ಜೋರಾಗಿ ನಕ್ಕರು. ಏನಂದನೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಇಬ್ಬರಲ್ಲಿ ಒಬ್ಬರಾದರೂ ಇರಬೇಕಿತ್ತು.